ಹಲ್ಲಿನ ಕಾಕಾ ಮತ್ತು ಬೆಂಡಿನ ಗಿಳಿ

ಶಹಾಬಾದಿನಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದ ಮನೆಯ ಯಜಮಾನರು ಹೋದ ತಿಂಗಳು ತೀರಿಕೊಂಡರು. ಸೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಪರಿಚಯದವರೊಬ್ಬರು ಸುದ್ದಿ ಹೇಳಿದರು. “ಹಲ್ಲಿನ ಕಾಕಾ ಹೋದ್ರಲ್ರಿ ಸರ,” ಎಂದರು. ಆ ಮಾತು ಹೇಳುವಾಗ ಅವರ ಬಾಯಲ್ಲಿ ಕಂಡ ಮೇಲಿನ ಹಲ್ಲುಸಾಲು ಪೂರ್ತಿ ಕಾಕಾ ಅವರ ಕೈಕೆಲಸ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಾಕಾ ಡಾಕ್ಟರರಲ್ಲ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು, ಹಲ್ಲಿನ ಸೆಟ್ಟು ಕಟ್ಟುವವರು ಇವರು. ಚಿತ್ತಾಪುರ, ವಾಡಿ, ಸೇಡಂ, ದೂರದ ಚಿಂಚೋಳಿಯಿಂದಲೂ ಅಳತೆಗಳು ಬರುತ್ತಿದ್ದವು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಾಗಿಣಾ ದಂಡೆಯ ಮನೆತನ, ಅಪ್ಪ ಅಜ್ಜ ಎಲ್ಲ ಹೊಳೆಯನ್ನು ನಂಬಿ ಬದುಕಿದವರು. ಇವರೊಬ್ಬರು ಮಾತ್ರ ಹದಿನೆಂಟನೆಯ ವಯಸ್ಸಿಗೆ ಹೈದರಾಬಾದಿಗೆ ಹೋಗಿ ಈ ವಿದ್ಯೆ ಕಲಿತು ಬಂದಿದ್ದರು. ಕುಳ್ಳ ಆಳು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಪ್ಲಾಸ್ಟರು.

ಅವರಿಗೆ ಮುಖ ನೆನಪಿರುತ್ತಿರಲಿಲ್ಲ, ಹಲ್ಲು ನೆನಪಿರುತ್ತಿದ್ದವು. ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಗೊಂದಲದಿಂದ ಕೈಮುಗಿಯುತ್ತಿದ್ದರು. ಎದುರಿನವರು ನಕ್ಕರೆ ಸಾಕು, “ಓಹೋ, ಕಾಳಗಿಯವರು. ಎಡಗಡೆ ಕೋರಿಹಲ್ಲು ಜರಾ ಒಳಗ ಹೊಳ್ಳಿತ್ತು ನಿಮ್ದು,” ಎಂದು ಗುರುತು ಹಿಡಿಯುತ್ತಿದ್ದರು. ಹಾಗೆ ಗುರುತು ಹಿಡಿಸಿಕೊಳ್ಳುವುದು ಎಲ್ಲರಿಗೂ ಇಷ್ಟವಾಗುತ್ತಿತ್ತೆಂದು ಹೇಳಲಾರೆ.

ನನ್ನ ಪರಿಚಯವಾದದ್ದೂ ಹಲ್ಲಿನಿಂದಲೇ. ನಾನು ಆಗ ಶಹಾಬಾದಿನ ಒಂದು ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಹೊಸದಾಗಿ ಬಂದಿದ್ದೆ. ಬಸ್ಸು ಒಮ್ಮೆಲೆ ಬ್ರೇಕು ಹಾಕಿ, ಮುಂದಿನ ಸೀಟಿನ ಕಂಬಿಗೆ ಬಾಯಿ ಬಡಿದು, ಮುಂಬಲ್ಲೊಂದು ಹೋಯಿತು. ಡಾಕ್ಟರು ಕಾಕಾ ಅವರ ಹತ್ತಿರ ಕಳಿಸಿದರು. ಅವರು ಬಾಯಿ ನೋಡಿ, “ಮುಂಚಿನದೊಂದು ನಗೋ ಫೋಟೊ ಅದ ಏನ್ರಿ?” ಎಂದು ಕೇಳಿದರು. ಫೋನಿನಲ್ಲಿದ್ದ ಫೋಟೊ ತೋರಿಸಿದೆ. ಹೋದ ಹಲ್ಲು ಪಕ್ಕದ್ದಕ್ಕಿಂತ ಒಂಚೂರು ಮುಂದೆ ಬಂದಿತ್ತು. ನಾಲ್ಕು ದಿನಕ್ಕೆ ಹೊಸ ಹಲ್ಲು ತಯಾರಾಯಿತು. ಅದೂ ಅಷ್ಟೇ ಮುಂದೆ ಬಂದಿತ್ತು.

“ಸರಳ ಮಾಡಬಹುದಿತ್ತಲ್ರಿ,” ಎಂದೆ.

“ಮಾಡಬಹುದಿತ್ರಿ. ಆದ್ರ ನಿಮ್ಮ ಮನಿಯವರು ಬಾಗಿಲದಾಗ ನಿಂದ್ರಿಸಿ ಯಾರು ಬೇಕಾಗಿತ್ತು ಅಂತ ಕೇಳಿದ್ರ?”

ಆಮೇಲೆ ಪರೀಕ್ಷೆ. ಹೊಸ ಹಲ್ಲು ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಅವರು ಊರುಗಳ ಹೆಸರು ಹೇಳಿಸುತ್ತಿದ್ದರು. ಸೇಡಂ ಅನ್ನಿರಿ. ಚಿಂಚೋಳಿ ಅನ್ನಿರಿ. ಶಹಾಬಾದ ಅನ್ನಿರಿ. ಕೊನೆಗೆ ನಮ್ಮೂರಿನ ಹಾಸುಗಲ್ಲಿನ ಹೆಸರು, ಫರಸಿ. ಸೇಡಂ ಅನ್ನುವಾಗ ಗಾಳಿ ಸೋರಿದರೆ ಹಲ್ಲಿನ ಹಿಂಭಾಗ ಉಜ್ಜಬೇಕು, ಫರಸಿಯಲ್ಲಿ ತುಟಿ ತಡವರಿಸಿದರೆ ಹಲ್ಲು ಉದ್ದವಾಗಿದೆ. ದಂತ್ಯ, ತಾಲವ್ಯ, ಓಷ್ಠ್ಯ ಎಂದು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆನಲ್ಲ, ಅದನ್ನು ಒಬ್ಬ ಮನುಷ್ಯ ಉಜ್ಜುಗೋಲು ಹಿಡಿದು ಸರಿಮಾಡುವುದನ್ನು ಅಂದು ನೋಡಿದೆ. ಅವರ ಮನೆಯ ಮೇಲಿನ ಕೋಣೆ ಖಾಲಿ ಇದೆಯೆಂದು ತಿಳಿದು, ಅದೇ ವಾರ ನನ್ನ ಸಾಮಾನು ಅಲ್ಲಿಗೆ ಬಂತು.

ನಾನು ಆ ಮನೆಗೆ ಹೋದ ಎರಡು ಮೂರು ವರ್ಷದಲ್ಲಿ ಹಲ್ಲಿನ ಕೆಲಸ ಕಡಿಮೆಯಾಗುತ್ತ ಬಂತು. ಡಾಕ್ಟರುಗಳು ಅಳತೆಯನ್ನು ದೊಡ್ಡ ಊರಿಗೆ ಕಳಿಸತೊಡಗಿದರು, ಅಲ್ಲಿ ಯಂತ್ರವೇ ಹಲ್ಲು ಕೊರೆಯುತ್ತಿತ್ತು. ಕಾಕಾ ಇದರಿಂದ ಕಂಗೆಟ್ಟಂತೆ ಕಾಣಲಿಲ್ಲ. ಆ ಯಂತ್ರ ಹೇಗಿರುತ್ತದೆ, ಅದರ ಸೂಜಿ ಎಷ್ಟು ಸಣ್ಣದು ಎಂದು ನನ್ನ ಫೋನಿನಲ್ಲಿ ಮತ್ತೆ ಮತ್ತೆ ನೋಡಿದರು. ಆಮೇಲೆ ಒಂದು ದಿನ ಅಂಗಳದ ತೊಗರಿ ಗಿಡದಿಂದ ಒಂದು ಕಾಯಿ ಕಿತ್ತು ತಂದರು.

ಹಲ್ಲಿನ ಕೆಲಸದಲ್ಲಿ ಅಚ್ಚು ತೆಗೆಯಲು ಸಿಲಿಕೋನ್ ಎಂಬುದೊಂದು ಬರುತ್ತದೆ. ಎರಡು ಡಬ್ಬಿಯಲ್ಲಿ ಎರಡು ಬಣ್ಣದ ಹಿಟ್ಟು. ಎರಡನ್ನೂ ಸಮ ತೆಗೆದುಕೊಂಡು ಕಣಕದ ಹಾಗೆ ನಾದಿದರೆ ನಾಲ್ಕೈದು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಮೆತ್ತಗಿರುವಾಗ ಯಾವ ವಸ್ತುವಿನ ಮೇಲೆ ಒತ್ತಿದರೂ ಅದರ ಗೆರೆ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಾಕಾ ತೊಗರಿ ಕಾಯಿಯನ್ನು ಅದರಲ್ಲಿ ಒತ್ತಿ ತೆಗೆದರು. ಉಳಿದ ಗುಳಿಗೆ, ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ ಪುಡಿ ಮತ್ತು ನೀರಿನಂಥ ಅದರ ಔಷಧಿ ಕಲಸಿ ಸುರಿದರು. ಪುಡಿ ಬಣ್ಣವಿಲ್ಲದ್ದು, ಗಾಜಿನಂತಾಗುವಂಥದ್ದು. ಗುಳ್ಳೆ ಏಳಬಾರದೆಂದು ಅಚ್ಚನ್ನು ಹಳೆಯ ಕುಕ್ಕರಿನೊಳಗೆ ಬೆಚ್ಚನೆಯ ನೀರಲ್ಲಿಟ್ಟರು. ಆ ಕುಕ್ಕರಿನ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಲ್ವು ಕೂರಿಸಿದ್ದರು. ಪಂಪಿನಿಂದ ಗಾಳಿ ಹೊಡೆದು ಇಪ್ಪತ್ತು ನಿಮಿಷ ಬಿಟ್ಟರು. ಅವರ ಹೆಂಡತಿ, ನಾನು ಕಾಕು ಎಂದು ಕರೆಯುತ್ತಿದ್ದವರು, ಕುಕ್ಕರು ಸಿಡಿದೀತೆಂದು ಆ ಇಪ್ಪತ್ತು ನಿಮಿಷ ಅಡುಗೆಮನೆ ಬಾಗಿಲು ಹಾಕಿಕೊಂಡು ಒಳಗೇ ಕೂತರು.

ತೆಗೆದಾಗ ಗಾಜಿನ ತೊಗರಿ ಕಾಯಿ. ಕಾಳಿನ ಉಬ್ಬು, ಮೇಲಿನ ಅಡ್ಡಗೀರು, ಹುಳ ಕೊರೆದಿದ್ದ ಸಣ್ಣ ತೂತು, ಎಲ್ಲ ಇತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದು, “ಹುಳಾನೂ ಬಂತಲ್ರಿ ಸರ,” ಎಂದು ಬಹಳ ಹೊತ್ತು ನೋಡಿದರು.

ಅಲ್ಲಿಂದ ಅವರು ಕಂಡಕಂಡದ್ದರ ಅಚ್ಚು ತೆಗೆದರು. ಸೀತಾಫಲದ ಬೀಜ, ಹುಣಸೆ ಚಿಗುರು, ಕಾಕು ಅವರ ಸೀರೆಯ ಅಂಚಿನ ಹೂವು, ನನ್ನ ಅಂಗಿಯ ಗುಂಡಿ. ಬಳೆ ಅಂಗಡಿಯವರು ಬಂದು ಕಿವಿಯೋಲೆಗೆಂದು ತೊಗರಿ ಕಾಯಿ ಒಯ್ದರು. ದರ್ಜಿಗಳು ಕುಪ್ಪಸದ ಬೆನ್ನಿಗೆ ಕಟ್ಟುವ ಗೊಂಡೆಗೆ ಹೂವು ಮಾಡಿಸಿಕೊಂಡರು. ಕೋಣೆ ಮತ್ತೆ ತುಂಬಿತು.

ಆ ದಿನಗಳಲ್ಲೇ ಚಿತ್ತಾಪುರದ ಬಾಸಿಂಗದ ಆಯಿ ಬಂದದ್ದು. ಮದುವೆಯಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವ ಮನೆತನದವರು ಆಕೆ. ಎಪ್ಪತ್ತು ದಾಟಿದ ಹೆಂಗಸು. ಬಾಯಲ್ಲಿ ಕಾಕಾ ಕಟ್ಟಿದ ಹಲ್ಲು. ಬಿಸ್ಕತ್ತಿನ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಡಬ್ಬಿಯಲ್ಲಿ ಅರಳೆ, ಅರಳೆಯ ನಡುವೆ ಬಾಸಿಂಗಕ್ಕೆ ಹಚ್ಚುವ, ಹೆಬ್ಬೆರಳಿನಷ್ಟು ದೊಡ್ಡ ಒಂದು ಗಿಳಿ. ಬೆಂಡಿನಲ್ಲಿ, ಅಂದರೆ ಕೆರೆಯಲ್ಲಿ ಬೆಳೆಯುವ ಒಂದು ಗಿಡದ ಹಗುರ ತಿರುಳಿನಲ್ಲಿ, ಚಾಕುವಿನಿಂದ ಕೆತ್ತಿದ್ದು. ಬಣ್ಣ ಹೋಗಿ ಬೂದು ಬಿಳುಪಾಗಿತ್ತು.

“ನಮ್ಮ ಮನಿಯವರು ಮಾಡಿದ್ದು ಇದೊಂದ ಉಳದದ ನೋಡಪಾ,” ಎಂದರು ಆಯಿ. “ಅವರು ಹೋಗಿ ಒಂಬತ್ತು ವರ್ಷ ಆತು. ನನಗ ಬಾಸಿಂಗ ಕಟ್ಲಿಕ್ಕಿ ಬರ್ತದ, ಗಿಳಿ ಕೆತ್ಲಿಕ್ಕಿ ಬರಂಗಿಲ್ಲ. ಪ್ಯಾಟಿ ಗಿಳಿ ತಂದು ಹಚ್ಚೀನಿ, ಅವು ಗಿಳಿನೂ ಅಲ್ಲ, ಕಾಗಿನೂ ಅಲ್ಲ. ಮಂದಿ ಕೇಳ್ತಾರ, ಆಯಿ, ಮೊದಲಿನ ಗಿಳಿ ಎಲ್ಲಿ ಹೋದ್ವು ಅಂತ.”

ಕಾಕಾ ಗಿಳಿಯನ್ನು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು, ಡಬ್ಬಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. “ಆಯಿ, ಬೆಂಡು ಅಂದ್ರ ನೀರು ಕುಡಿಯೋ ಜಾತಿ. ಹಿಟ್ಟು ಒಳಗ ಹೊಕ್ತು ಅಂದ್ರ ಗಿಳಿ ಹರದು ಹೋಗ್ತದ. ನನಗ ಜರಾ ಟೈಮು ಕೊಡ್ರಿ. ಮೊದಲ ಬ್ಯಾರೆದರ ಮ್ಯಾಲ ಮಾಡಿ ನೋಡ್ತೀನಿ.”

“ಲಗ್ನದ ಸೀಜನ್ ಬರ್ಲಿಕತ್ತದ.”

“ಬರ್ಲಿ. ಇದು ಹೋತು ಅಂದ್ರ ಮತ್ತ ಬರಂಗಿಲ್ಲಲ್ಲ.”

ಆಯಿ ಡಬ್ಬಿ ಬಿಟ್ಟುಹೋದರು. ಕಾಕಾ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ಒಂದು ತುಂಡು ಬೆಂಡು ತಂದು ಪ್ರಯತ್ನಕ್ಕೆ ಕೂತರು. ಅಂದೇ ಸಿಲಿಕೋನ್ ಕೈಕೊಟ್ಟಿತು. ಎಷ್ಟು ಹೊತ್ತಾದರೂ ಗಟ್ಟಿಯಾಗಲಿಲ್ಲ. ಮೇಲೆಲ್ಲ ಬೆಲ್ಲದ ಪಾಕದ ಹಾಗೆ ಅಂಟಂಟು. ಇನ್ನೊಮ್ಮೆ ನಾದಿದರು. ಮತ್ತೆ ಅಂಟು. ಒಂದು ವಾರ ಪೂರ್ತಿ ಹಾಗೇ ನಡೆಯಿತು. ತಣ್ಣನೆಯ ಜಾಗ ಬಿಟ್ಟು ಬೆಚ್ಚನೆಯ ಜಾಗ ನೋಡಿದರು, ನಾದುವ ಫರಸಿ ಕಲ್ಲು ಬದಲಿಸಿದರು, ಹಿಟ್ಟಿನ ಪ್ರಮಾಣ ಬದಲಿಸಿದರು. ಕಿಟಕಿಯ ಕಟ್ಟೆಯ ಮೇಲೆ ಅಂಟು ಉಂಡೆಗಳ ಸಾಲು ಬೆಳೆಯಿತು. ಪ್ರತಿಯೊಂದರ ಕೆಳಗೂ ಒಂದು ಚೀಟಿ.

“ಕಾರಣ ಇರ್ತದ್ರಿ ಸರ,” ಎನ್ನುತ್ತಿದ್ದರು. “ನಮಗ ಗೊತ್ತಿರಂಗಿಲ್ಲ ಅಷ್ಟ.”

ಮಾತು ಇಷ್ಟು ಚೆನ್ನಾಗಿದ್ದರೂ, ಕೊನೆಗೆ ಅವರು ಹಿಡಿದ ಕಾರಣ ತಪ್ಪಾಯಿತು. ಅವರಿಗೆ ಈ ಹಿಟ್ಟು, ಪುಡಿ ಎಲ್ಲ ತಂದುಕೊಡುತ್ತಿದ್ದವರು ಒಬ್ಬ ಗೆಳೆಯರು. ಎರಡು ದೊಡ್ಡ ಚೀಲ ಹೊತ್ತು ರೈಲಿನಲ್ಲಿ ಊರೂರು ತಿರುಗಿ ಹಲ್ಲಿನ ದವಾಖಾನೆಗಳಿಗೆ ಸಾಮಾನು ಮುಟ್ಟಿಸುವುದು ಅವರ ವೃತ್ತಿ. ಅಂಗಡಿ ಇಲ್ಲದ ಅವರನ್ನು ಎಲ್ಲರೂ ಚೇಷ್ಟೆಗೆ ಶೇಠ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಪ್ರತಿ ಗುರುವಾರ ಶಹಾಬಾದಿಗೆ ಇಳಿದು, ಕಾಕಾ ಅವರ ಮನೆಯಲ್ಲಿ ಉಂಡು, ಮಧ್ಯಾಹ್ನದ ಗಾಡಿಗೆ ವಾಡಿಗೆ ಹೋಗುತ್ತಿದ್ದರು.

ಆ ಗುರುವಾರ ಶಾಲೆಗೆ ರಜೆ ಇತ್ತು, ನಾನೂ ಸ್ಟೇಶನ್ನಿಗೆ ಹೋಗಿದ್ದೆ. ಕಾಕಾ ಮನೆಯವರೆಗೂ ಕಾಯಲಿಲ್ಲ. ಸ್ಟೇಶನ್ ಮುಂದಿನ ಚಹಾದ ಅಂಗಡಿಯಲ್ಲೇ, ಹತ್ತು ಜನರ ಎದುರು, ಅಂಟು ಉಂಡೆಯನ್ನು ಶೇಠರ ಕೈಯಲ್ಲಿಟ್ಟರು.

“ಇದೇನಿದು? ಎಷ್ಟು ವರ್ಷದ ಹಳೇ ಮಾಲು ತಂದು ಹಾಕ್ಲಿಕತ್ತಿ?”

ಶೇಠರು ಉಂಡೆ ಹಿಸುಕಿ ನೋಡಿದರು. “ಡಬ್ಬಿ ಮ್ಯಾಲ ತಾರೀಖು ನೋಡೋ. ಹೊಸಾದು ಅದ.”

“ತಾರೀಖಿನ ಚೀಟಿ ಯಾರ್ ಬೇಕಾದ್ರೂ ಹಚ್ಚಬಹುದು.”

ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ನಿಂತರು. ಶೇಠರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. “ಮೂವತ್ತು ವರ್ಷದಾಗ ನಾ ಒಮ್ಮೆರ ಹಂಗ ಮಾಡೀನೇನು?” ಎಂದು ಕೇಳಿದರು.

“ಮಾಡಿದ್ದಿಲ್ಲ,” ಎಂದರು ಕಾಕಾ. “ಈಗ ಮಾಡೀದಿ.”

ಶೇಠರು ಚೀಲದಿಂದ ಹೊಸ ಡಬ್ಬಿಯ ಜೋಡಿಯೊಂದನ್ನು ತೆಗೆದು ಬೆಂಚಿನ ಮೇಲಿಟ್ಟರು. ಚೀಲ ಹೆಗಲಿಗೇರಿಸಿ ಮತ್ತೆ ಪ್ಲಾಟ್‌ಫಾರ್ಮಿಗೆ ಹೋದರು. ಮನೆಯಲ್ಲಿ ಕಾಕು ಪುಂಡಿಪಲ್ಲೆ ಮಾಡಿ ಮೂರು ತಾಟು ಇಟ್ಟುಕೊಂಡು ಕಾಯುತ್ತಿದ್ದರು. ನಡೆದದ್ದನ್ನು ನಾನು ಹೇಳಿದೆ, ಕಾಕಾ ಹೇಳಲಿಲ್ಲ. ಕಾಕು ಒಂದು ತಾಟು ತೆಗೆದಿಟ್ಟರು.

ಹೊಸ ಡಬ್ಬಿಯ ಹಿಟ್ಟೂ ಗಟ್ಟಿಯಾಗಲಿಲ್ಲ. “ನೋಡ್ರಿ, ಇದೂ ಖರಾಬ,” ಎಂದು ನನಗೆ ತೋರಿಸಿದರು ಕಾಕಾ. ಆದರೆ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಮುಂದಿನ ಗುರುವಾರ ಶೇಠರು ಇಳಿಯಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಆಯಿ ಮಾತ್ರ ಎರಡು ಸಲ ಬಂದುಹೋದರು.

ಒಂದು ಭಾನುವಾರ ಬೆಳಿಗ್ಗೆ ನಾನು ಕೆಳಗೆ ಇಳಿದು ಬಂದಾಗ ಕಾಕಾ ಕೈ ನೋಡಿಕೊಳ್ಳುತ್ತ ಕೂತಿದ್ದರು. ಅಕ್ರಿಲಿಕ್ ಔಷಧಿ ತಾಗಿ ತಾಗಿ ಅವರ ಬೆರಳ ತುದಿಗಳು ಆ ವರ್ಷ ಸೀಳು ಬಿಟ್ಟಿದ್ದವು. ಊರಿಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರಮ್ಮ, ಆಯಿ ಬಂದ ದಿನಗಳಲ್ಲೇ, ನೋಡಲಾರದೆ ರಬ್ಬರಿನ ಗ್ಲೌಸುಗಳ ಪೆಟ್ಟಿಗೆಯನ್ನೇ ಕೊಟ್ಟು, ಇನ್ನು ಬರಿಗೈಯಲ್ಲಿ ಏನೂ ಮುಟ್ಟಬೇಡಿ ಎಂದಿದ್ದರು. ಅಂದು ಸೀಳು ಹೆಚ್ಚಾಗಿ ರಕ್ತ ಬಂದಿತ್ತು.

“ಇವತ್ತು ನೀವ ನಾದ್ರಿ ಸರ. ನಾ ಗಡಿಯಾರ ನೋಡ್ತೀನಿ.”

ನಾದಿದೆ. ನಾಲ್ಕು ನಿಮಿಷಕ್ಕೆ ಉಂಡೆ ನನ್ನ ಕೈಯಲ್ಲಿ ಬಿಗಿಯಾಯಿತು. ಕಟ್ಟೆಗೆ ಎಸೆದರೆ ಪುಟಿಯಿತು.

ಕಾಕಾ ಎದ್ದು ನಿಂತರು. ಬೆಳಿಗ್ಗೆ ಯಾವ ಸೋಪು ಹಚ್ಚಿದಿರಿ, ಉಳ್ಳಾಗಡ್ಡಿ ಮುಟ್ಟಿದಿರಾ, ಎಣ್ಣೆ ಮುಟ್ಟಿದಿರಾ ಎಂದು ಕೇಳಿದರು. ಕೈ ತೊಳೆಸಿ ಮತ್ತೆ ನಾದಿಸಿದರು. ಗಟ್ಟಿಯಾಯಿತು. ಕಾಕು ಅವರನ್ನು ರೊಟ್ಟಿ ಬಡಿಯುವುದರಿಂದ ಎಬ್ಬಿಸಿ ತಂದು ನಾದಿಸಿದರು. ಅದೂ ಗಟ್ಟಿಯಾಯಿತು. ತಾವು ಗ್ಲೌಸು ಹಾಕಿಕೊಂಡು ಅದೇ ಡಬ್ಬಿಯ ಹಿಟ್ಟನ್ನು ನಾದಿದರು. ಅಂಟು.

“ನನ್ನ ಕೈಯಾಗ ಏನೋ ಅದ,” ಎಂದು ಮೆಲ್ಲಗೆ ಅಂದರು.

ಕಾಕು ಜೋಳದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ನಿಮ್ಮ ಕೈ ಎಲ್ಲಿ ತಾಕ್ಯಾದ ಅದಕ್ಕ? ನಿಮ್ಮ ಕೈ ಗ್ಲೌಸಿನಾಗ ಅದ,” ಎಂದರು.

ಕಾಕಾ ಗ್ಲೌಸಿನ ಒಂದು ಬೆರಳು ಕತ್ತರಿಸಿದರು. ನಾನು ಬರಿಗೈಯಲ್ಲಿ ನಾದಿದ ಹಿಟ್ಟನ್ನು ಹಪ್ಪಳದಂತೆ ತಟ್ಟಿಸಿ, ಅದರ ನಡುವೆ ಆ ತುಂಡನ್ನು ಒತ್ತಿಟ್ಟರು. ಐದು ನಿಮಿಷ ಬಿಟ್ಟು ಎತ್ತಿದರು. ಸುತ್ತಲೂ ರಬ್ಬರಿನಂತೆ ಗಟ್ಟಿ, ತುಂಡು ತಾಗಿದ್ದಲ್ಲಿ ಮಾತ್ರ ಬೆರಳಿನ ಆಕಾರದ ಅಂಟು. ಆ ರಬ್ಬರಿನಲ್ಲಿರುವುದು ಏನೋ ಈ ಹಿಟ್ಟಿಗೆ ಆಗಿಬರುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದರು, ಮೂಸಿದರು, ನಾಲಿಗೆಗೆ ತಾಗಿಸಲು ಹೋಗಿ ಕಾಕು ಕೈಯಿಂದ ಏಟು ತಿಂದರು. ಅಷ್ಟು ಖುಷಿಯನ್ನು ನಾನು ಅವರಲ್ಲಿ ಹಿಂದೆ ಕಂಡಿರಲಿಲ್ಲ.

ಆಮೇಲೆ ಒಮ್ಮೆಲೆ ಕುರ್ಚಿಯಲ್ಲಿ ಕೂತರು.

“ಹತ್ತು ಮಂದ್ಯಾಗ ಅವನಿಗಿ ಕಳ್ಳ ಅಂದಂಗ ಆತಲ್ರಿ ಸರ.”

ಫೋನು ಮಾಡಿದರು. ಶೇಠರು ಎತ್ತಲಿಲ್ಲ. ದಿನಕ್ಕೆ ಎರಡು ಮೂರು ಸಲ ಮಾಡಿದರು. ನನ್ನ ಫೋನಿನಿಂದ ಮಾಡಿಕೊಡಲೇ ಎಂದರೆ ಬೇಡವೆಂದರು. “ಮೋಸ ಮಾಡಿ ಮಾತಾಡಿಸಿದಂಗ ಆಗ್ತದ.” ಗುರುವಾರ ನಾನು ಅರ್ಧ ದಿನದ ರಜೆ ಹಾಕಿದೆ. ಇಬ್ಬರೂ ವಾಡಿಗೆ ಹೋದೆವು. ಶೇಠರು ಅಲ್ಲಿಂದ ಸೇಡಂಗೆ ಹೋಗುವುದು ಗೊತ್ತಿದ್ದ ಕಾಕಾ ಸೇಡಂವರೆಗೆ ಟಿಕೆಟು ತೆಗೆಸಿದ್ದರು.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಶೇಠರು ಚೀಲಗಳ ನಡುವೆ ಕೂತಿದ್ದರು. ನಮ್ಮನ್ನು ನೋಡಿ ಎದ್ದು, ನಿಂತಿದ್ದ ಗಾಡಿಯ ದೂರದ ಡಬ್ಬಿ ಹತ್ತಿದರು. ನಾವೂ ಹತ್ತಿದೆವು. ಕಾಕಾ ಅವರ ಎದುರಿನ ಸೀಟಿನಲ್ಲಿ ಕೂತು, ಕರವಸ್ತ್ರದ ಗಂಟು ಬಿಚ್ಚಿ ಮಡಿಲ ಮೇಲೆ ಹರಡಿದರು. ಒಂದು ಗ್ಲೌಸು, ಒಂದು ಗಟ್ಟಿ ಉಂಡೆ, ಒಂದು ಅಂಟು ಉಂಡೆ, ಆ ಬೆರಳಿನ ಗುರುತಿನ ಹಪ್ಪಳ. ಆಮೇಲೆ ಡಬ್ಬಿಯಲ್ಲಿದ್ದವರಿಗೆಲ್ಲ ಕೇಳುವಂತೆ ಮಾತಾಡಿದರು.

“ಹತ್ತು ಮಂದಿ ಎದುರಿಗಿ ನಿನಗ ಅಂದಿದ್ದೆ. ಇವತ್ತ ಇಷ್ಟು ಮಂದಿ ಎದುರಿಗಿ ಹೇಳ್ತೀನಿ. ಮಾಲು ಛಲೋ ಇತ್ತು. ನನ್ನ ಕೈಯಾಗಿನ ಗ್ಲೌಸು ಅದನ್ನ ಕೆಡಸ್ತಿತ್ತು. ಗಲತಿ ನಂದು.”

ಶೇಠರು ಕಿಟಕಿಯ ಹೊರಗೆ ನೋಡುತ್ತಿದ್ದರು. ಎದುರಿನ ಹೆಂಗಸೊಬ್ಬಳು ಮಗುವಿನ ಬಾಯಿ ಮುಚ್ಚಿದಳು. ಚಿತ್ತಾಪುರ ಬಂತು, ಜನ ಇಳಿದರು, ಹತ್ತಿದರು. ಕಾಕಾ ಕರವಸ್ತ್ರವನ್ನು ಹಾಗೇ ಹಿಡಿದು ಕೂತಿದ್ದರು. ಗಾಡಿ ಬಿಟ್ಟ ಮೇಲೆ ಶೇಠರ ಕೈ ತಾನಾಗಿ ಮುಂದೆ ಬಂತು. ಹಪ್ಪಳ ಎತ್ತಿಕೊಂಡು ಅಂಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದರು.

“ಗ್ಲೌಸಾ?”

“ಗ್ಲೌಸ.”

“ಯಾವುದಾದ್ರೂ?”

“ಈ ರಬ್ಬರಿಂದು. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಾದಿದ್ರ ಏನೂ ಆಗಂಗಿಲ್ಲ. ಅದೂ ಮಾಡಿ ನೋಡೀನಿ.”

ಶೇಠರು ಕಣ್ಣು ಒರೆಸಿಕೊಂಡರು. ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರು ಹೇಳಿದ್ದು ನಮಗಿಬ್ಬರಿಗೂ ಗೊತ್ತಿರದ ಮಾತು. ಸೇಡಂನಲ್ಲಿ ಎರಡು ದವಾಖಾನೆಗಳಿಂದ ಇದೇ ದೂರು ಬಂದಿತ್ತು. ಎರಡೂ ಕಡೆ ಹಿಟ್ಟು ಗಟ್ಟಿಯಾಗುತ್ತಿಲ್ಲವೆಂದು ಡಬ್ಬಿಗಳನ್ನು ತಿರುಗಿ ಕೊಟ್ಟಿದ್ದರು. ಶೇಠರು ತಮ್ಮ ಮನೆಯ ತಗಡಿನ ಮಾಡಿನ ಬಿಸಿಗೆ ಮಾಲು ಕೆಡುತ್ತಿದೆಯೆಂದು ನಂಬಿಕೊಂಡಿದ್ದರು.

“ನೀ ಅಂದಿದ್ದಕ್ಕ ಸಿಟ್ಟು ಬಂದಿದ್ದಿಲ್ಲೋ,” ಎಂದರು. “ಖರೇ ಇರಬೇಕು ಅಂತ ಅನಿಸಿತ್ತು. ಗೊತ್ತಿಲ್ದ ಎಲ್ಲರಿಗೂ ಖರಾಬ್ ಮಾಲು ಮಾರ್ಲಿಕತ್ತೀನಿ ಅನಕೊಂಡೆ. ಈ ಸಲ ಚೀಲ ಇಳಿಸಿಬಿಡಬೇಕು ಅಂತ ಮನ್ಯಾಗೂ ಹೇಳೀನಿ.”

ಸೇಡಂನಲ್ಲಿ ಇಳಿದಾಗ ಒಂದು ಚೀಲವನ್ನು ಕಾಕಾ ಹೊತ್ತರು. ಎರಡೂ ಕಡೆ ಹೋದೆವು. ಅಲ್ಲಿ ಹಿಟ್ಟು ಕಲಸುವವರನ್ನು ಕರೆಸಿ, ಗ್ಲೌಸು ಹಾಕಿಸಿ ಒಮ್ಮೆ, ತೆಗೆಸಿ ಒಮ್ಮೆ ನಾದಿಸಿ ತೋರಿಸಿದರು ಕಾಕಾ. ಎರಡು ಕಡೆಯೂ ಕೊನೆಗೆ ಒಂದೇ ಮಾತು ಹೇಳಿದರು. “ನಾನೂ ಇವರಿಗಿ ಅಂದಿದ್ದೆ. ಬಂದು ಗಲತಿ ಒಪ್ಪಿಕೊಂಡೀನಿ.” ಎರಡನೆಯ ಕಡೆಯವರು ಎದ್ದು ಶೇಠರಿಗೆ ಕುರ್ಚಿ ಹಾಕಿದರು.

ಶಹಾಬಾದಿಗೆ ಮರಳಿದ ಮೇಲೆ ಡಾಕ್ಟರಮ್ಮನಿಗೂ ವಿಷಯ ಹೇಳಿದರು. ಆಕೆ ನಾಲಿಗೆ ಕಚ್ಚಿಕೊಂಡರಂತೆ. ಕಾಲೇಜಿನಲ್ಲಿ ಇದನ್ನು ಓದಿದ್ದರಂತೆ, ಗ್ಲೌಸು ಕೊಡುವಾಗ ಹೇಳುವುದು ಮರೆತಿತ್ತಂತೆ. ಕಾಕಾ ಅದಕ್ಕೆ ಬೇಸರಪಡಲಿಲ್ಲ. “ಪುಸ್ತಕದಾಗ ಇತ್ತಂತ ನೋಡ್ರಿ. ಹತ್ತು ಹೆಜ್ಜಿ ನಡದು ಹೋಗಿ ಕೇಳಿದ್ರ ಮುಗೀತಿತ್ತು. ಕೇಳ್ಲಿಕ್ಕಿ ಹೋಗ್ಲಿಲ್ಲ, ಅನ್ಲಿಕ್ಕಿ ಹೋದೆ.” ಅದನ್ನು ಅವರು ನನಗೆ ಹಲವು ಸಲ ಹೇಳಿದರು. ತಮಗೇ ಹೇಳಿಕೊಳ್ಳುತ್ತಿದ್ದರೆಂದು ತೋರುತ್ತದೆ. ಮುಂದಿನ ಗುರುವಾರ ಶೇಠರು ಉಣ್ಣಲು ಬಂದರು. ಇಬ್ಬರೂ ಸೇರಿ ಗ್ಲೌಸಿನ ಶೋಧವನ್ನು ಯಾರು ಮಾಡಿದರೆಂದು ಚರ್ಚೆಗೆ ಬಿದ್ದಾಗ, ಕಾಕು ಇಬ್ಬರ ತಾಟಿಗೂ ರೊಟ್ಟಿ ಹಾಕುವುದನ್ನು ನಿಲ್ಲಿಸಿದರು. ಆಮೇಲೆ ಇಬ್ಬರೂ ಅದು ಕಾಕು ಅವರದೆಂದು ಒಪ್ಪಿಕೊಂಡರು.

ಇನ್ನು ಗಿಳಿ. ಬೆಂಡು ಹಿಟ್ಟನ್ನು ಕುಡಿಯದಂತೆ ಮೇಲೊಂದು ತೆಳು ಪೊರೆ ಬೇಕಿತ್ತು. ಏನೇನೋ ಹಚ್ಚಿ ನೋಡಿ, ಕೊನೆಗೆ ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಶು ಸರಿಯೆಂದು ಕಂಡಿತು. ಅದನ್ನು ತರಲು ಬಳೆ ಅಂಗಡಿಗೆ ಒಬ್ಬರೇ ಹೋಗಲು ನಾಚಿ ನನ್ನನ್ನು ಕರೆದುಕೊಂಡು ಹೋದರು. ಅಂಗಡಿಯಾಕೆ, “ಕಾಕಾ, ಯಾರಿಗ್ರಿ?” ಎಂದು ಕೇಳಿದಾಗ, “ಗಿಳಿಗಿ,” ಎಂದರು.

ಬೆಂಡಿನ ಚೂರುಗಳ ಮೇಲೆ ಏಳೆಂಟು ಸಲ ಮಾಡಿ ನೋಡಿದ ಮೇಲೆ, ಒಂದು ಬೆಳಿಗ್ಗೆ ಕಪಾಟಿನ ಬೀಗ ತೆಗೆದರು. ಪಾಲಿಶಿನ ಮೂರು ಲೇಪ. ಅದರ ಮೇಲೆ ಮೊದಲು ತೆಳ್ಳನೆಯ ಸಿಲಿಕೋನನ್ನು ಕುಂಚದಿಂದ ಸವರಿ, ಅದು ಗಟ್ಟಿಯಾದ ಮೇಲೆ ಹಿಟ್ಟನ್ನು ಹೊದಿಸಿದರು. ಅಂಚಿನಿಂದ ಮೆಲ್ಲಗೆ ಬಿಡಿಸಿದರು. ಗಿಳಿ ಹಾಗೇ ಹೊರಬಂತು. ಕೊಕ್ಕಿನ ತುದಿ ಕೂಡ ಮುಕ್ಕಾಗಲಿಲ್ಲ.

ಮೊದಲ ಗಾಜಿನ ಗಿಳಿಯನ್ನು ನೋಡಲು ಆಯಿ ಬಂದರು. ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಬಾಲದ ಕೆಳಗೆ ಹೆಬ್ಬೆರಳು ಆಡಿಸಿದರು. “ಇಲ್ಲಿ ಚಾಕು ಜಾರಿತ್ತು ಅವರದು,” ಎಂದರು. “ಬೈದಿದ್ದೆ ನಾ.” ಆಮೇಲೆ ಕಣ್ಣು ತೆರೆದು, ಅಂಗೈಯಲ್ಲಿ ತೂಗಿ, “ವಜನ ಭಾಳ ಆತಲ್ಲಪಾ,” ಎಂದರು.

ಕಾಕಾ ಅದನ್ನು ಯೋಚಿಸಿಯೇ ಇರಲಿಲ್ಲ. ಆಯಿ ತಂದಿದ್ದ ಬಾಸಿಂಗಕ್ಕೆ ನಾಲ್ಕು ಗಿಳಿ ಹಚ್ಚಿ, ಕಾಕಾ ಅವರನ್ನೇ ಕೂರಿಸಿ ಹಣೆಗೆ ಕಟ್ಟಿದರು. ಬಾಸಿಂಗ ಮೆಲ್ಲಗೆ ಜಾರಿ, ಕನ್ನಡಕ ದಾಟಿ, ಮೂಗಿನ ಮೇಲೆ ಬಂದು ನಿಂತಿತು. ಕಾಕು ಬಾಗಿಲಲ್ಲಿ ನಿಂತು, “ಎರಡನೇ ಲಗ್ನ ಹಿಂಗ ಆಗ್ತದ ನೋಡ್ರಿ, ಹೆಣ್ಣಿನ ಮಾರಿ ಕಾಣಂಗಿಲ್ಲ,” ಎಂದು ನಕ್ಕರು. ಕಾಕಾ ಮಾತ್ರ ಬಾಸಿಂಗದ ಹಿಂದಿನಿಂದಲೇ ಕೇಳಿದರು, “ಆಯಿ, ಬೆಂಡಿನ ಗಿಳಿ ಎಷ್ಟು ತೂಕ ಇರ್ತದ?”

ಆ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಹದಿನೈದು ದಿನ ಹಿಡಿಯಿತು. ಬಾಸಿಂಗಕ್ಕೆ ಅಂಟುವ ಗಿಳಿಯ ಹಿಂಬದಿಯನ್ನು ತೆರೆದೇ ಬಿಟ್ಟು, ಒಳಗೆ ಟೊಳ್ಳು ಮಾಡಿ, ಸಿಪ್ಪೆಯಷ್ಟು ತೆಳುವಾಗಿ ಎರಕ ಹೊಯ್ಯುವುದನ್ನು ಅವರು ಕಂಡುಕೊಂಡರು. ಸೀಜನ್ನಿನ ಮೊದಲ ಮದುವೆ ತಪ್ಪಿತು, ಎರಡನೆಯದಕ್ಕೆ ಗಿಳಿಗಳು ಹೋದವು. ಬೆಂಡಿನ ಗಿಳಿ ಡಬ್ಬಿಯೊಳಗೆ ಆಯಿಯ ಮನೆಗೆ ಮರಳಿತು.

ನನಗೆ ಸೇಡಂಗೆ ವರ್ಗವಾದ ಮೇಲೆ ಭೇಟಿ ಕಡಿಮೆಯಾಯಿತು. ಈ ವರ್ಷ ಅವರಿಗೆ ಉಸಿರಿನ ತೊಂದರೆ ಜೋರಾಗಿ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಕಾಕು ಫೋನು ಮಾಡಿದ್ದರು. ಹೋದೆ. ಮಧ್ಯಾಹ್ನ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೂಗು ಬಾಯಿ ಮುಚ್ಚುವ ಮುಖವಾಡ, ಅದರಿಂದ ಯಂತ್ರಕ್ಕೆ ಹೋದ ಕೊಳವೆ. ಬೆರಳ ತುದಿಗಳು ಈಗ ಸೀಳು ಮಾಯ್ದು ನುಣುಪಾಗಿದ್ದವು. ನನ್ನನ್ನು ಕಂಡು ಕೈಯಿಂದ ಹತ್ತಿರ ಕರೆದರು. ಮುಖವಾಡ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಾಕು ಬೇಡವೆನ್ನುವಂತೆ ಕೈ ಎತ್ತಿದರು.

ಏನೋ ಹೇಳಬೇಕೆಂದಿದ್ದಾರೆ ಎಂದುಕೊಂಡು ನಾನು ಬಗ್ಗಿದೆ. ಅವರು ಮುಖವಾಡದ ಮೆತ್ತನೆಯ ಅಂಚನ್ನು ನನ್ನ ಕಡೆ ತಿರುಗಿಸಿ, ಅದರ ಮೇಲೆ ಉಗುರು ಎಳೆದರು. ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಅಂಚಿನ ಸುತ್ತ ಹೋಗಿತ್ತು. ಅವರು ತೋರಿಸದಿದ್ದರೆ ಕಾಣುತ್ತಿರಲಿಲ್ಲ.

“ಸಿಲಿಕೋನ್,” ಎಂದರು, ಉಸಿರು ಹಿಡಿದು ಹಿಡಿದು. “ಎರಡು ಭಾಗದ ಅಚ್ಚಿನಾಗ ಮಾಡ್ಯಾರ. ಎರಡೂ ಕೂಡಿದ್ದು ಇಲ್ಲಿ. ಮಾರಿಗಿ ಹತ್ತೋ ಕಡಿ ಗೆರಿ ಬರ್ಬಾರ್ದು ಅಂತ ಹೊರಗ ಇಟ್ಟಾರ.” ಇನ್ನೊಮ್ಮೆ ಉಗುರು ಆಡಿಸಿದರು. “ಯಾರು ಮಾಡ್ಯಾರೋ. ಭಾಳ ವಿಚಾರ ಮಾಡಿ ಮಾಡ್ಯಾರ.”

ನರ್ಸು ಬಂದು, “ಹಾಕೊಳ್ರಿ ಅಜ್ಜಾ,” ಎಂದಳು. ಅವರು ಆ ಗೆರೆಯನ್ನು ಅವಳಿಗೂ ತೋರಿಸಿ, ಅವಳು ನೋಡಿ ತಲೆಯಾಡಿಸುವವರೆಗೆ ಕಾದು, ಮುಖವಾಡ ಹಾಕಿಕೊಂಡರು.